ಅಜ್ಜಿಯ ಶೂ ಡಬ್ಬದಲ್ಲಿದ್ದ ಕಾಗದಗಳು

ಅಮೆರಿಕದ ಯೂಟಾದಲ್ಲಿ ನಮ್ಮ ನೆರೆಹೊರೆಯವರೆಲ್ಲ ಹೆಚ್ಚಾಗಿ ಮಾರ್ಮನ್ನರು. ಅವರ ಹುಡುಗರು 18 ತುಂಬಿದ ಮೇಲೆ ಧರ್ಮಪ್ರಚಾರಕ್ಕೆಂದು 2 ವರ್ಷ ಮನೆ ಬಿಡುತ್ತಾರೆ. ಯಾವ ಊರು, ಯಾವ ದೇಶ ಅನ್ನೋದನ್ನ ಚರ್ಚೇ ಹೇಳುತ್ತೆ. ಮೊದಲೆಲ್ಲ ಮನೆಗೆ ಫೋನ್ ಮಾಡೋದು ಕ್ರಿಸ್‌ಮಸ್‌ಗೆ, ಅಮ್ಮಂದಿರ ದಿನಕ್ಕೆ ಮಾತ್ರ. ಉಳಿದಂತೆ ಕಾಗದವೇ ಗತಿ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು.

ಪಕ್ಕದ ಮನೆಯಜ್ಜಿಯ ಮಗ ಕಾಗದದ ಕಾಲದವನು, ಮೊಮ್ಮಗ ವಿಡಿಯೊ ಕಾಲದವನು. ಹಳೇ ಶೂ ಡಬ್ಬ ತೆರೆದು ಅಜ್ಜಿ ಹೇಳಿದರು: "ರಾತ್ರಿ ಮನೆ ನೆನಪಾಗಿ ಅಳು ಬಂತು ಅಂತ ಮಗ ಇದರಲ್ಲಿ ಬರೆದಿದ್ದಾನೆ. ಮೊಮ್ಮಗನ ಮುಖ ವಾರವಾರ ಕಾಣುತ್ತೆ, ಅದೇ ಸಮಾಧಾನ. ಆದರೆ ಅವನು ಬರೀ ನಗ್ತಾನೆ."

ಅಂದಿನಿಂದ ಬೆಂಗಳೂರಿನಲ್ಲಿರೋ ಅಮ್ಮನಿಗೆ ನಾನು ಕಾಗದಾನೂ ಬರೀತಿದೀನಿ. ಫೋನಿನಲ್ಲಿ "ಚೆನ್ನಾಗಿದೀನಮ್ಮ" ಅಂದುಬಿಡೋದು ಸುಲಭ. ಕಾಗದದಲ್ಲಿ ಎರಡನೇ ಸಾಲಿಗೇ ನಿಜ ಬಂದುಬಿಡುತ್ತೆ.