ಮೈಲೋಮಾ ಮರುಕಳಿಸಿದಾಗ: ಜೋಡಿ ಚಿಕಿತ್ಸೆಯ ಸುತ್ತ ನಾಲ್ಕು ತಪ್ಪು ಕಲ್ಪನೆಗಳು

ಮಲ್ಟಿಪಲ್ ಮೈಲೋಮಾ ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳಲ್ಲಿ ಹುಟ್ಟುವ ರಕ್ತದ ಕ್ಯಾನ್ಸರ್. ಹತೋಟಿಗೆ ಬಂದಂತೆ ಕಂಡರೂ ಮತ್ತೆ ತಲೆಯೆತ್ತುವುದು ಇದರ ಸ್ವಭಾವ. ಹೀಗೆ ಮರುಕಳಿಸಿದವರಿಗೆ ಔಷಧಿಯ ಜೊತೆ ಪ್ರತಿಕಾಯವನ್ನೂ ಸೇರಿಸಿ ಕೊಡುವ ಚಿಕಿತ್ಸೆಯ ಬಗ್ಗೆ ಸರಿಯಾದ ಮಾಹಿತಿ ಮನೆಮಂದಿಗೆಲ್ಲ ಇರಬೇಕು.

ತಪ್ಪು ಕಲ್ಪನೆ: ಒಮ್ಮೆ ಔಷಧಿ ನಾಟದಿದ್ದರೆ ಮುಂದೆ ದಾರಿಯಿಲ್ಲ.

ಸತ್ಯ: ಡಾರಾಟುಮುಮ್ಯಾಬ್ ಎಂಬ ಪ್ರತಿಕಾಯ ಮೈಲೋಮಾ ಕೋಶದ ಮೇಲಿನ ಸಿಡಿ38 ಪ್ರೋಟೀನಿಗೆ ಅಂಟಿಕೊಂಡು, ಆ ಕೋಶವನ್ನು ದೇಹದ ರಕ್ಷಣಾ ಕೋಶಗಳಿಗೆ ತೋರಿಸಿಕೊಡುತ್ತದೆ. ಲೆನಾಲಿಡೊಮೈಡ್ ಗುಳಿಗೆ ಆ ರಕ್ಷಣಾ ಕೋಶಗಳನ್ನು ಚುರುಕುಗೊಳಿಸುತ್ತದೆ. ಈ ಜೋಡಿಯನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಪೊಲಕ್ಸ್ ಪ್ರಯೋಗದಲ್ಲಿ 569 ರೋಗಿಗಳಿದ್ದರು. ವರ್ಷದ ಹೊತ್ತಿಗೆ ಕಾಯಿಲೆ ಉಲ್ಬಣಿಸದೆ ಬದುಕಿದ್ದವರು ಪ್ರತಿಕಾಯ ಪಡೆದ ಗುಂಪಿನಲ್ಲಿ ಶೇ 83, ಪಡೆಯದ ಗುಂಪಿನಲ್ಲಿ ಶೇ 60. ಆದರೆ ಲೆನಾಲಿಡೊಮೈಡ್‌ಗೇ ಬಗ್ಗದ ರೋಗಿಗಳು ಇದರಲ್ಲಿರಲಿಲ್ಲ. ಯಾರಿಗೆ ಯಾವ ಜೋಡಿ ಎಂಬುದು ಹಿಂದೆ ಯಾವ ಔಷಧಿ ಸೋತಿತ್ತು ಎಂಬುದನ್ನು ಅವಲಂಬಿಸಿದೆ.

ತಪ್ಪು ಕಲ್ಪನೆ: ಪ್ರಯೋಗಕ್ಕೆ ಸೇರಿದರೆ ಅರ್ಧ ಜನಕ್ಕೆ ಬರೀ ಹುಸಿಗುಳಿಗೆ.

ಸತ್ಯ: ಪೊಲಕ್ಸ್‌ನಲ್ಲಿ ಎರಡೂ ಗುಂಪಿಗೆ ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಿಕ್ಕವು. ಹುಸಿಮದ್ದನ್ನು ಯಾರಿಗೂ ಕೊಡಲಿಲ್ಲ. ಪ್ರಯೋಗದಿಂದ ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ. ಭಾರತದ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ, ಪ್ರಯೋಗದಿಂದ ಹಾನಿಯಾದರೆ ಅದಕ್ಕೆ ಉಚಿತ ಚಿಕಿತ್ಸೆ ಕೊಡಲೇಬೇಕು.

ತಪ್ಪು ಕಲ್ಪನೆ: ಔಷಧಿ ಹೆಚ್ಚಿದಷ್ಟೂ ಗುಣ ಹೆಚ್ಚು.

ಸತ್ಯ: ಬೇರೆ ಕ್ಯಾನ್ಸರ್‌ಗಳಲ್ಲಿ ಹೆಸರು ಮಾಡಿದ ಪೆಂಬ್ರೊಲಿಜುಮ್ಯಾಬ್ ಪ್ರತಿಕಾಯವನ್ನು ಮೈಲೋಮಾ ಔಷಧಿಗಳ ಜೊತೆ ಸೇರಿಸಿ ನೋಡಿದಾಗ, ಅದನ್ನು ಪಡೆದ ಗುಂಪಿನಲ್ಲೇ ಸಾವು ಹೆಚ್ಚಿತು. 2017ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಪ್ರಯೋಗಗಳನ್ನು ತಡೆಯಿತು. ಕಾಗದದ ಮೇಲೆ ಚೆನ್ನಾಗಿ ಕಂಡ ಜೋಡಿಯನ್ನೂ ಪರೀಕ್ಷಿಸದೆ ಕೊಡಬಾರದು ಎನ್ನುವುದು ಇದಕ್ಕೇ.

ತಪ್ಪು ಕಲ್ಪನೆ: ಪ್ರತಿಕಾಯ ಕ್ಯಾನ್ಸರನ್ನಷ್ಟೇ ಮುಟ್ಟುತ್ತದೆ, ಅಡ್ಡಪರಿಣಾಮವಿಲ್ಲ.

ಸತ್ಯ: ಡಾರಾಟುಮುಮ್ಯಾಬನ್ನು ಡ್ರಿಪ್‌ನಲ್ಲಿ ಕೊಟ್ಟಾಗ ಸುಮಾರು ಅರ್ಧದಷ್ಟು ಜನರಿಗೆ ಕೆಮ್ಮು, ಉಸಿರಾಟದ ತೊಂದರೆಯಂಥ ಪ್ರತಿಕ್ರಿಯೆಗಳಾದವು, ಹೆಚ್ಚಿನವು ಮೊದಲ ಡೋಸ್‌ನಲ್ಲೇ. ಬಿಳಿರಕ್ತಕಣ ಕುಸಿದು ಸೋಂಕು ತಗಲುವ ಅಪಾಯವೂ ಇದೆ. ಕೆಂಪು ರಕ್ತಕಣಗಳ ಮೇಲೂ ಸ್ವಲ್ಪ ಸಿಡಿ38 ಇರುವುದರಿಂದ ರಕ್ತ ಹೊಂದುತ್ತದೆಯೇ ಎಂದು ನೋಡುವ ಬ್ಲಡ್ ಬ್ಯಾಂಕಿನ ಕ್ರಾಸ್‌ಮ್ಯಾಚ್ ಪರೀಕ್ಷೆ ತಪ್ಪು ಫಲಿತಾಂಶ ತೋರಿಸಬಹುದು. ಮೊದಲ ಡೋಸ್‌ಗೆ ಮುಂಚೆಯೇ ರಕ್ತದ ಗುಂಪನ್ನು ಪರೀಕ್ಷಿಸಿ ಬರೆಸಿಟ್ಟುಕೊಳ್ಳಿ. ರಕ್ತ ಬೇಕಾದಾಗ ಈ ಔಷಧಿ ಪಡೆಯುತ್ತಿರುವುದನ್ನು ತಪ್ಪದೆ ತಿಳಿಸಿ.

ಪ್ರಯೋಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ನಮ್ಮ ಮೇಲೆ ಸೋತ ಔಷಧಿಗಳು ಯಾವುವು? ಇನ್ನೊಂದು ಗುಂಪಿಗೆ ಏನು ಕೊಡುತ್ತೀರಿ? ನಡುರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಇವಕ್ಕೆ ಸ್ಪಷ್ಟ ಉತ್ತರ ಪಡೆಯುವುದು ರೋಗಿಯ ಹಕ್ಕು.