ಪ್ರೌಢಶಾಲೆಯಲ್ಲಿ ವೃತ್ತಿ ಮಾರ್ಗದರ್ಶನ: ಶಿಫಾರಸು ಮತ್ತು ವಾಸ್ತವ

‘ವೃತ್ತಿ’ ಎಂಬ ಪದಕ್ಕೆ ಕನ್ನಡದಲ್ಲಿ ದೀರ್ಘ ಇತಿಹಾಸವಿದೆ. ಶಾಸನಗಳಲ್ಲಿ ಅದು ಅಗ್ರಹಾರದ ವಿದ್ವಾಂಸರಂಥವರ ಜೀವನೋಪಾಯಕ್ಕೆಂದು ಬಿಟ್ಟುಕೊಟ್ಟ ಭೂಮಿಯ ಪಾಲನ್ನು ಸೂಚಿಸುತ್ತದೆ; ಅಂಥ ಪಾಲು ಸಾಮಾನ್ಯವಾಗಿ ಸಂತತಿಗೆ ಸಲ್ಲುತ್ತಿತ್ತು. ‘ಕಸುಬು’ ಎಂಬುದರ ಹಿಂದೆ ‘ಕುಲ’ ಸೇರಿಕೊಂಡುದನ್ನೂ ಇಲ್ಲಿ ನೆನೆಯಬಹುದು. ಹುಟ್ಟಿನೊಡನೆ ನಿಶ್ಚಿತವಾಗುತ್ತಿದ್ದ ಸಂಗತಿಯನ್ನು ಹದಿನೈದು, ಹದಿನಾರರ ವಯಸ್ಸಿನಲ್ಲಿ ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕೆಂಬ ನಿರೀಕ್ಷೆ ಆಧುನಿಕ ಶಿಕ್ಷಣದೊಡನೆ ಬಂದುದು. ಆ ಆಯ್ಕೆಗೆ ಶಾಲೆಯೇ ನೆರವಾಗಬೇಕೆಂದು ಸ್ವತಂತ್ರ ಭಾರತದ ಶಿಕ್ಷಣ ಆಯೋಗಗಳು ಸ್ಪಷ್ಟವಾಗಿಯೇ ಹೇಳಿವೆ. ಆದರೂ ಆ ನೆರವು ತರಗತಿಯನ್ನು ತಲುಪಿದ್ದು ಅತ್ಯಲ್ಪ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ; ಶಿಕ್ಷಣದ ರಚನೆಯಲ್ಲಿಯೇ ಒಂದು ಕಾರಣ ಅಡಗಿದೆ.

1952-53ರ ಮಾಧ್ಯಮಿಕ ಶಿಕ್ಷಣ ಆಯೋಗವು, ಅಂದರೆ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಆಯೋಗವು, ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ವಿಭಾಗಗಳಲ್ಲಿ ಒಂದನ್ನು ವಿದ್ಯಾರ್ಥಿ ಶಾಲೆಯೊಳಗೇ ಆರಿಸಿಕೊಳ್ಳಬೇಕಾಗಿತ್ತು. ದಾರಿಗಳು ಏಳಾದ ಮೇಲೆ ದಾರಿ ತೋರುವವರೂ ಬೇಕು. ಆದುದರಿಂದಲೇ ಆಯೋಗವು ತರಬೇತಿ ಪಡೆದ ಮಾರ್ಗದರ್ಶನ ಅಧಿಕಾರಿಗಳನ್ನೂ ವೃತ್ತಿ ಶಿಕ್ಷಕರನ್ನೂ ಕ್ರಮೇಣ ಎಲ್ಲ ಶಾಲೆಗಳಿಗೆ ಒದಗಿಸಬೇಕೆಂದಿತು. 1954ರಲ್ಲಿ ಕೇಂದ್ರ ಸರ್ಕಾರವು ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನ ಕೇಂದ್ರವೊಂದನ್ನು ದೆಹಲಿಯಲ್ಲಿ ಸ್ಥಾಪಿಸಿತು.

ಡಿ. ಎಸ್. ಕೊಠಾರಿ ಅವರ ನೇತೃತ್ವದ 1964-66ರ ಶಿಕ್ಷಣ ಆಯೋಗವು ಮಾರ್ಗದರ್ಶನವು ಪ್ರಾಥಮಿಕ ಹಂತದಿಂದಲೇ ಆರಂಭವಾಗಬೇಕೆಂದಿತು. ಕನಿಷ್ಠಪಕ್ಷ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಸಲಹೆಗಾರನಿರಲಿ ಎಂದು ಸೂಚಿಸಿತು. ಆದರೆ ಅದೇ ಆಯೋಗವು ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಸಮಾನವಾದ ಸಾಮಾನ್ಯ ಶಿಕ್ಷಣವಿರಬೇಕೆಂದು ಹೇಳಿ ವಿಭಾಗೀಕರಣವನ್ನು ಮುಂದಿನ ಹಂತಕ್ಕೆ ದೂಡಿತು. ಎಳೆಯ ವಯಸ್ಸಿನಲ್ಲೇ ಮಕ್ಕಳನ್ನು ಬೇರ್ಪಡಿಸಬಾರದೆಂಬ ಈ ನಿಲುವು ಸಮಾನತೆಯ ದೃಷ್ಟಿಯಿಂದ ಸರಿಯಾದುದೇ. ಅದರ ಅನಿರೀಕ್ಷಿತ ಪರಿಣಾಮವೆಂದರೆ, ಪ್ರೌಢಶಾಲೆಯೊಳಗೆ ಆರಿಸಿಕೊಳ್ಳುವುದು ಏನೂ ಉಳಿಯದೆ ಮಾರ್ಗದರ್ಶಕನಿಗೆ ಕೆಲಸವೇ ಇಲ್ಲವೆಂಬ ಭಾವನೆ ಮೂಡಿದ್ದು. ಆಯ್ಕೆಯೇನೂ ಇಲ್ಲವಾಗಲಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶಕ್ಕೂ ಮುಂದಿನ ಪ್ರವೇಶಕ್ಕೂ ನಡುವಣ ಕೆಲವೇ ವಾರಗಳಲ್ಲಿ ಅದು ಗುಂಪುಗೂಡಿತು. ಆ ಹೊತ್ತಿಗೆ ವಿದ್ಯಾರ್ಥಿ ಪ್ರೌಢಶಾಲೆಯನ್ನು ಬಿಟ್ಟಿರುತ್ತಾನೆ, ಕಾಲೇಜನ್ನು ಸೇರಿರುವುದಿಲ್ಲ. ಅವನು ಯಾವ ಸಂಸ್ಥೆಯ ಹೊಣೆಯೂ ಅಲ್ಲ.

ಕರ್ನಾಟಕದಲ್ಲಿ ಈ ವಾರಗಳ ತೀರ್ಮಾನ ‘ಕಾಂಬಿನೇಷನ್’ ಎಂಬ ಒಂದು ಮಾತಿನಲ್ಲಿ ಅಡಕವಾಗಿದೆ. ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟವರಿಗೆ ಎಂಜಿನಿಯರಿಂಗ್ ಬಾಗಿಲು, ಜೀವಶಾಸ್ತ್ರವನ್ನು ಬಿಟ್ಟವರಿಗೆ ವೈದ್ಯಕೀಯದ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ಎಸ್.ಎಸ್.ಎಲ್.ಸಿ. ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಆದರೆ ಈ ಹಾದಿಯನ್ನು ಹತ್ತನೆಯ ತರಗತಿಯಲ್ಲೇ ಅರಿತಿರುವವರು ಹೆಚ್ಚಾಗಿ ಅದನ್ನು ತುಳಿದ ಬಂಧುಗಳಿರುವ ಮನೆಯವರು. ಗ್ರಾಮೀಣ ಬಾಲಕಿಯರ ಯೋಜನೆಯನ್ನು ಅನೇಕ ವೇಳೆ ಅಭಿರುಚಿಗಿಂತ ಸಮೀಪದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿದೆಯೇ, ಸಂಜೆ ಬಸ್ಸಿದೆಯೇ ಎಂಬ ಪ್ರಶ್ನೆಗಳೇ ನಿರ್ಧರಿಸುತ್ತವೆ. 1909ರಲ್ಲಿ ಪ್ರಕಟವಾದ ಕೃತಿಯಲ್ಲಿ ಬಾಸ್ಟನ್ನಿನ ಫ್ರಾಂಕ್ ಪಾರ್ಸನ್ಸ್ ವೃತ್ತಿಯ ಆಯ್ಕೆಗೆ ಮೂರು ಅಂಗಗಳನ್ನು ಹೇಳಿದ್ದರು: ತನ್ನನ್ನು ತಾನರಿಯುವುದು, ಉದ್ಯೋಗಗಳ ಸ್ವರೂಪವನ್ನು ಅರಿಯುವುದು, ಇವೆರಡರ ಸಂಬಂಧವನ್ನು ವಿವೇಚಿಸುವುದು. ಅಭಿರುಚಿ ಪರೀಕ್ಷೆಗಳು ಮೊದಲನೆಯದಕ್ಕೆ ಮಾತ್ರ ಉತ್ತರ. ಇಲ್ಲಿ ತೀರ ಬಡವಾಗಿರುವುದು ಎರಡನೆಯದು. ಅದಕ್ಕೆ ಮನಶ್ಶಾಸ್ತ್ರಜ್ಞನಿಗಿಂತ ಮಾಹಿತಿಯುಳ್ಳ ಶಿಕ್ಷಕನೇ ಹೆಚ್ಚು ಉಪಯುಕ್ತ.

ವೃತ್ತಿ ಶಿಕ್ಷಣದ ಅನುಭವವೂ ಇದನ್ನೇ ತೋರಿಸುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢೋತ್ತರ ಹಂತದ ವಿದ್ಯಾರ್ಥಿಗಳಲ್ಲಿ ಶೇ. 10ರಷ್ಟು ಮಂದಿಯನ್ನು 1990ರೊಳಗೆ, ಶೇ. 25ರಷ್ಟು ಮಂದಿಯನ್ನು 1995ರೊಳಗೆ ವೃತ್ತಿಪರ ಕೋರ್ಸುಗಳಿಗೆ ತರುವ ಗುರಿ ಇರಿಸಿತು. 1992ರ ಪರಿಷ್ಕರಣೆಯಲ್ಲಿ ಆ ಗಡುವುಗಳು 1995 ಮತ್ತು 2000ಕ್ಕೆ ಸರಿದವು. ಗುರಿ ಈಡೇರಲಿಲ್ಲ. ಕರ್ನಾಟಕದಲ್ಲಿ ಜೆ.ಒ.ಸಿ. ಎಂದೇ ಹೆಸರಾಗಿದ್ದ ಉದ್ಯೋಗಾಧಾರಿತ ಕೋರ್ಸುಗಳೂ ಮುಂದೆ ನಿಂತುಹೋದವು. ಮಾರ್ಗದರ್ಶನವಿಲ್ಲದೆಡೆ ವಿದ್ಯಾರ್ಥಿಗಳನ್ನು ಹಂಚುವ ಕೆಲಸವನ್ನು ಅಂಕಪಟ್ಟಿಯೇ ವಹಿಸಿಕೊಳ್ಳುತ್ತದೆ. ಕಡಿಮೆ ಅಂಕದವರ ಪಾಲಿನದೆಂಬ ಹಣೆಪಟ್ಟಿ ಹೊತ್ತ ಕೋರ್ಸು, ಅದರಲ್ಲಿ ಕಲಿಸುವುದು ಎಷ್ಟೇ ಉಪಯುಕ್ತವಾಗಿದ್ದರೂ, ಚೇತರಿಸಿಕೊಳ್ಳುವುದು ಕಷ್ಟ.

2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾದ ಮೇಲೆ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಚಿಲ್ಲರೆ ವ್ಯಾಪಾರ ಮೊದಲಾದ ವಿಷಯಗಳನ್ನು ತೃತೀಯ ಭಾಷೆಗೆ ಬದಲಾಗಿ ಒಂಬತ್ತನೆಯ ತರಗತಿಯಿಂದ ಕಲಿಯುವ ಅವಕಾಶ ಬಂದಿತು. ಮುದಲಿಯಾರ್ ಆಯೋಗದ ಕಾಲದ ಸ್ಥಿತಿ ಭಾಗಶಃ ಮರಳಿತೆನ್ನಬೇಕು: ಆಯ್ಕೆ ಮತ್ತೆ ಶಾಲೆಯೊಳಕ್ಕೆ, ಎಂಟನೆಯ ತರಗತಿಯ ಅಂತ್ಯಕ್ಕೆ ಬಂದಿದೆ. ಹದಿನಾಲ್ಕರ ಬಾಲಕ ಹಿಂದಿಯನ್ನು ಬಿಟ್ಟು ಆಟೊಮೊಬೈಲ್ ಆರಿಸಿಕೊಳ್ಳುವಾಗ ಅದರ ಮುಂದೆ ಐ.ಟಿ.ಐ., ಪಾಲಿಟೆಕ್ನಿಕ್, ಪಿ.ಯು.ಸಿ.ಗಳಲ್ಲಿ ಯಾವುದು ತೆರೆದಿದೆ, ಅಲ್ಲಿಂದ ಹಿಂದಿರುಗಲು ದಾರಿಯುಂಟೇ ಎಂಬುದನ್ನು ಅವನಿಗೂ ಪೋಷಕರಿಗೂ ಯಾರಾದರೂ ತಿಳಿಸಬೇಕು. ಆ ಹೊಣೆ ಸಾಮಾನ್ಯವಾಗಿ ಬೀಳುವುದು ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕಗಳ ನಡುವಿರುವ ತರಗತಿ ಶಿಕ್ಷಕರ ಮೇಲೆ. ಅದಕ್ಕೆಂದು ವೇಳಾಪಟ್ಟಿಯಲ್ಲಿ ಪ್ರತ್ಯೇಕ ಅವಧಿ ಇರುವುದು ಅಪರೂಪ.