ಅಬ್ಬರದೊಳಗಿನ ಕಟ್ಟಡ: ‘ಮಾಸ್ಟರ್ ಆಫ್ ಪಪೆಟ್ಸ್’ ಕೇಳುವ ಬಗೆ

ಮೊದಲ ಸಲ ಕೇಳುವವರಿಗೆ ಬೇರೆ ಯಾವುದೋ ಆಲ್ಬಮ್ ಹಾಕಿದೆವೇನೋ ಅನ್ನಿಸಬಹುದು. ಅಬ್ಬರಕ್ಕೆ ಹೆಸರಾದ ಈ ಆಲ್ಬಮ್ ತೆರೆದುಕೊಳ್ಳುವುದು ಮರದ ಗಿಟಾರುಗಳ ಮೆಲುದನಿಯಲ್ಲಿ. ಒಂದರ ಮೇಲೊಂದು ಪದರ ಸೇರುತ್ತ ಹೋಗಿ, ಅದೇ ಸ್ವರಗಳು ವಿದ್ಯುತ್ ಗಿಟಾರಿನಲ್ಲಿ ಗುಡುಗುತ್ತವೆ. ಆಮೇಲೆ ‘ಬ್ಯಾಟರಿ’ ಎಂಬ ಹಾಡು ಓಟ ಕೀಳುತ್ತದೆ. ಆ ಮೆಲುದನಿಯನ್ನು ದಾಟಿಸಿ ಮುಂದಕ್ಕೆ ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ದಾಟಿಸಬೇಡಿ. ಮುಂದೆ ಬರುವ ವೇಗವನ್ನು ಅಳೆಯಲು ಕಿವಿಗೆ ಸಿಗುವ ಅಳತೆಗೋಲು ಅದೇ.

ಮೆಟಾಲಿಕಾ ತಂಡದ ಈ ಮೂರನೆಯ ಆಲ್ಬಮ್ ಹೊರಬಂದದ್ದು 1986ರ ಮಾರ್ಚ್‌ನಲ್ಲಿ. ಧ್ವನಿಮುದ್ರಣ ನಡೆದದ್ದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ. ತಂಡದ ಜೊತೆಗೂಡಿ ಅದನ್ನು ರೂಪಿಸಿದವರು ಫ್ಲೆಮಿಂಗ್ ರಾಸ್ಮುಸೆನ್. ಇಂಗ್ಲೆಂಡಿನ ಹೆವಿ ಮೆಟಲ್ಲಿನ ಗಿಟಾರುಗಾರಿಕೆಗೆ ಹಾರ್ಡ್‌ಕೋರ್ ಪಂಕ್‌ನ ವೇಗ ಬೆರೆತು, 1980ರ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಹುಡುಗರ ಕೈಯಲ್ಲಿ ಈ ತಂಡದ ಶೈಲಿಯಾದ ಥ್ರ್ಯಾಶ್ ಬೆಳೆದಿತ್ತು. 1986ರಲ್ಲೇ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ಕೂಡ ಬಂತು. ಅದು ಅರ್ಧ ಗಂಟೆಯೊಳಗೆ ಮುಗಿಯುವ ಬಿರುಗಾಳಿ. ಮೆಟಾಲಿಕಾ ಹಿಡಿದದ್ದು ಬೇರೆ ದಾರಿ: ಎಂಟೇ ಹಾಡು, ಸುಮಾರು 55 ನಿಮಿಷ.

ಇದರ ಮೂಲ ಸಾಮಗ್ರಿ ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಹೊಸದಲ್ಲ. ಈ ಗಿಟಾರುಗಾರರು ‘ಪವರ್ ಕಾರ್ಡ್’ ಎನ್ನುವುದು ನಮ್ಮ ಷಡ್ಜ ಮತ್ತು ಪಂಚಮ; ತಂಬೂರಿಗೆ ಶ್ರುತಿ ಮಾಡುವ ಅದೇ ಜೋಡಿ. ನಡುವಿನ ಗಾಂಧಾರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಧ್ವನಿವರ್ಧಕವನ್ನು ಅದರ ಮಿತಿ ಮೀರಿ ದುಡಿಸಿದಾಗ ನಾದದ ಅಲೆಯ ತುದಿಗಳು ಕತ್ತರಿಸಿಹೋಗಿ, ಮೂಲದಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಷಡ್ಜ-ಪಂಚಮಗಳ ಕಂಪನ 2ಕ್ಕೆ 3ರ ಅನುಪಾತದಲ್ಲಿ ಇರುವುದರಿಂದ, ಅವುಗಳ ವ್ಯತ್ಯಾಸವಾದ 1, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ, ತಾನಾಗಿ ಮೊಳಗುತ್ತದೆ. ಗಾಂಧಾರ ಸೇರಿದರೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದದೆ ನಾದ ರಾಡಿಯಾಗುತ್ತದೆ. ಎದೆಗೆ ತಾಗುವ ಆ ಭಾರ ಬಂದದ್ದು ಬರೀ ಜೋರು ಸದ್ದಿನಿಂದಲ್ಲ, ಈ ಲೆಕ್ಕದಿಂದ.

ಆ ಭಾರದ ಎರಡನೆಯ ಮೂಲ ತಂಡದ ಗಿಟಾರುಗಾರ ಜೇಮ್ಸ್ ಹೆಟ್‌ಫೀಲ್ಡ್‌ನ ಬಲಗೈ. ಅಂಗೈಯಂಚನ್ನು ತಂತಿಗಳ ಬುಡಕ್ಕೆ ಒತ್ತಿ ನಾದವನ್ನು ಮೊಟಕು ಮಾಡುತ್ತ, ಮೇಲಿನಿಂದ ಕೆಳಕ್ಕೇ ಮೀಟುತ್ತ ಹೋಗುತ್ತಾನೆ. ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ಮೀಟುವುದು ಎಷ್ಟೋ ಸುಲಭ. ಆದರೆ ಆಗ ಎರಡು ಪೆಟ್ಟುಗಳ ತೂಕ ಒಂದೇ ಆಗಿ ಬರುವುದು ಕಷ್ಟ. ಆಲ್ಬಮ್ಮಿನ ಹೆಸರನ್ನೇ ಹೊತ್ತ ಎರಡನೆಯ ಹಾಡಿನ ಗತಿ ನಿಮಿಷಕ್ಕೆ ಸುಮಾರು 210 ಪೆಟ್ಟು. ಪೆಟ್ಟಿಗೆ ಎರಡು ಮೀಟು. ಅಂದರೆ ಸೆಕೆಂಡಿಗೆ ಏಳು ಸಲ ಕೈ ಕೆಳಗಿಳಿಯಬೇಕು. ಅದೇ ಸಾಲನ್ನು ಮತ್ತೆ ನುಡಿಸಿ, ಮೊದಲಿನದರ ಮೇಲೆ ಕೂದಲೆಳೆಯಷ್ಟೂ ಜಾರದಂತೆ ಕೂರಿಸಿ ಮುದ್ರಿಸಿದ್ದಾರೆ. ಗಿಟಾರು ಗೋಡೆಯಂತೆ ಕೇಳಿಸುವುದು ಅದಕ್ಕೇ.

ಇದೇ ಹಾಡಿನ ಚರಣಕ್ಕೆ ತಾಳ ಹಾಕಿ ನೋಡಿ. ನಾಲ್ಕು ನಾಲ್ಕರ ಎಣಿಕೆ ಮೂರು ಸುತ್ತು ಸರಿಯಾಗಿ ಬರುತ್ತದೆ, ನಾಲ್ಕನೆಯದು ಪೂರ್ತಿಯಾಗುವ ಮೊದಲೇ ಕತ್ತರಿಸಿಹೋಗುತ್ತದೆ. ಮುಂದಿನ ಸಾಲು ನಿಮಗಿಂತ ಮೊದಲೇ ಬಂದು ನಿಂತಿರುತ್ತದೆ. ಮಾದಕವಸ್ತುವೇ ‘ನಾನು’ ಎಂದು ಮಾತಾಡುವ ಹಾಡು ಇದು; ಅದರ ಸೂತ್ರದಲ್ಲಿ ಸಿಕ್ಕ ಮನುಷ್ಯ ಬರೀ ಬೊಂಬೆ. ಕೇಳುಗನ ಕಾಲೂ ತನ್ನ ಹಿಡಿತದಲ್ಲಿ ಇಲ್ಲ ಎಂಬುದನ್ನು ತಾಳವೇ ತೋರಿಸಿಕೊಡುತ್ತದೆ. ನನ್ನ ಮಟ್ಟಿಗೆ ಇಡೀ ಆಲ್ಬಮ್ಮಿನ ಅತ್ಯಂತ ಬುದ್ಧಿವಂತ ಕ್ಷಣ ಇದು. ಮೂರೂವರೆ ನಿಮಿಷದ ಹೊತ್ತಿಗೆ ಓಟ ತಟ್ಟನೆ ನಿಂತು ಒಂಟಿ ಗಿಟಾರು ಬಿಡಿಬಿಡಿಯಾಗಿ ನುಡಿಯುತ್ತದೆ, ಎರಡನೆಯದು ಜೊತೆಯಾಗುತ್ತದೆ. ಅಮಲಿನ ಸುಖ ಎಂಥದೆಂದು ತಿಳಿಯುವುದು ಅಲ್ಲಿ. ಆ ಸುಖ ಉಳಿಯುವುದಿಲ್ಲ.

ಸೂತ್ರ ಮತ್ತು ಬೊಂಬೆಯ ಈ ಕಾಳಜಿ ಉಳಿದ ಹಾಡುಗಳಲ್ಲೂ ಮರಳಿ ಬರುತ್ತದೆ. ‘ಡಿಸ್ಪೋಸಬಲ್ ಹೀರೋಸ್’ನಲ್ಲಿ ಸೈನಿಕ, ‘ಸ್ಯಾನಿಟೇರಿಯಂ’ನಲ್ಲಿ ಹುಚ್ಚಾಸ್ಪತ್ರೆಯ ರೋಗಿ, ‘ಲೆಪರ್ ಮೆಸ್ಸಾಯಾ’ದಲ್ಲಿ ದೇವರ ಹೆಸರಲ್ಲಿ ಹಣ ಕೇಳುವವನ ಭಕ್ತ. ಈ ಕೊನೆಯದು ಉಳಿದವುಗಳಷ್ಟು ಗಟ್ಟಿಯಾಗಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಖಪುಟದಲ್ಲಿ ಕೆಂಪು ಆಕಾಶ, ಅದರ ಕೆಳಗೆ ಬಿಳಿ ಶಿಲುಬೆಗಳ ಸಾಲು. ಒಂದೊಂದಕ್ಕೂ ಕಟ್ಟಿದ ದಾರಗಳು ಮೇಲಿನ ಎರಡು ಕೈಗಳತ್ತ ಹೋಗುತ್ತವೆ.

ರೇಡಿಯೋದ ಆಸರೆಯಾಗಲಿ ಒಂದು ಸಂಗೀತ ವಿಡಿಯೋ ಆಗಲಿ ಇಲ್ಲದೆ ಈ ಆಲ್ಬಮ್ ಲಕ್ಷಗಟ್ಟಲೆ ಮನೆಗಳಿಗೆ ಹೋಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2016ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಇದನ್ನು ಸೇರಿಸಿತು. ಅಲ್ಲಿಗೆ ಹೋದ ಮೊದಲ ಮೆಟಲ್ ಕೃತಿ ಇದೇ. ನಮ್ಮವರಿಗೂ ಈ ತಂಡವನ್ನು ಎದುರಿಗೇ ಕೇಳುವ ದಿನ ಬಂತು: 2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನ. ಭಾರತದಲ್ಲಿ ಅವರ ಮೊದಲ ಕಛೇರಿ ಅದು.

ಏಳನೆಯ ಹಾಡು ‘ಒರಾಯನ್’ಗೆ ಸಮಯ ಎತ್ತಿಡಿ, ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಳ್ಳಿ. ಎಂಟೂವರೆ ನಿಮಿಷ, ಒಂದೂ ಮಾತಿಲ್ಲ. ನಡುವೆ ಎಲ್ಲವೂ ಅಡಗಿ, ಬೇಸ್ ಗಿಟಾರೊಂದೇ ತೂಗುವ ಲಯದಲ್ಲಿ ನಡೆಯತೊಡಗುತ್ತದೆ. ಅದು ಕ್ಲಿಫ್ ಬರ್ಟನ್. ಬಾಖ್‌ನ ಸಂಗೀತವನ್ನು ಪ್ರೀತಿಸಿ ಕಲಿತವನು. ಸ್ವರಗಳನ್ನು ಹೆಣೆಯುವ ಶಾಸ್ತ್ರವನ್ನು ಗೆಳೆಯರ ನಡುವೆ ತಂದವನು. ಇಲ್ಲಿನ ಎತ್ತರದ ಸೋಲೋಗಳಲ್ಲಿ ಕೆಲವು ಗಿಟಾರಿನವಲ್ಲ, ಅವನ ಬೇಸ್‌ನವು. ಗೊತ್ತಿಲ್ಲದಿದ್ದರೆ ಕಿವಿ ಮೋಸಹೋಗುತ್ತದೆ.

ಆಲ್ಬಮ್ ಬಂದು ಏಳು ತಿಂಗಳೂ ತುಂಬಿರಲಿಲ್ಲ. 1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ, ಸ್ವೀಡನ್ನಿನ ಹೆದ್ದಾರಿಯಲ್ಲಿ ತಂಡದ ಬಸ್ಸು ಮಗುಚಿ ಕ್ಲಿಫ್ ತೀರಿಕೊಂಡ. ಅವನಿಗೆ 24 ವರ್ಷ. ಅಂತ್ಯಕ್ರಿಯೆಯಲ್ಲಿ ‘ಒರಾಯನ್’ ಹಾಕಿದರು. ಆ ಹಾಡು ಪೂರ್ತಿಯಾಗಿ ವೇದಿಕೆಗೆ ಬಂದದ್ದು ಇಪ್ಪತ್ತು ವರ್ಷದ ನಂತರ, 2006ರಲ್ಲಿ, ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದಾಗ. ಆ ನಡುವಿನ ಬೇಸ್ ಭಾಗವನ್ನು ಅಂದು ನುಡಿಸಿದವರು ಆಗ ತಂಡದ ಬೇಸ್ ಹಿಡಿದಿದ್ದ ರಾಬರ್ಟ್ ಟ್ರುಹಿಯೊ.